ಗ್ಲಾಸ್ಗೋ ಕ್ಲಬ್ಬಿಗೆ ತೆರೆದ ಬಾಗಿಲು

ಬಸವೇಶ್ವರನಗರದ ಫುಟ್‌ಬಾಲ್ ಸಂಘದ ಹಾಲ್‌ನಲ್ಲಿ 2008ರ ಮೇ ತಿಂಗಳ ಆ ಭಾನುವಾರ ಬೆಳಿಗ್ಗೆ ಸೇರಿದ್ದವರ ಬೆರಳಿಗೆಲ್ಲ ಹಿಂದಿನ ದಿನ ಓಟು ಹಾಕಿದ ಶಾಯಿ ಅಂಟಿತ್ತು. ಚೇತನಾಳ ಬೆರಳು ಮಾತ್ರ ಖಾಲಿ. ನಾಗರಬಾವಿಯ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಕಾನೂನು ಓದುವ ಅವಳ ಓಟು ಊರಲ್ಲಿತ್ತು. ಆದರೂ ಕಾನೂನು ಬಲ್ಲವಳೆಂದು ಬಿನ್ನಿಪೇಟೆ ಗೆಳೆಯರ ಬಳಗದವರು ಇವತ್ತು ತಮ್ಮ ಪರವಾಗಿ ಮಾತಾಡಲು ಅವಳನ್ನೇ ಕರೆತಂದಿದ್ದರು.

ಬಳಗವೆಂದರೆ ಮುಚ್ಚಿದ ಗಿರಣಿಯ ಹಿಂದಿನ ಓಣಿಗಳ ಫುಟ್‌ಬಾಲ್ ತಂಡ. ಕ್ಯಾಪ್ಟನ್ ಹನುಮೇಶ ಕೊಪ್ಪಳದ ಕಡೆಯವನು, ದಿನವೆಲ್ಲ ಕೊರಿಯರ್ ಹಂಚಿ ಸಂಜೆ ಚೆಂಡು ಒದೆಯುವವನು. ಸ್ವಂತ ಮೈದಾನ, ಪ್ರಾಯೋಜಕರು ಇಲ್ಲದ ತಂಡಗಳಿಗೆ ಸಂಘ ನಡೆಸುವ ಪಶ್ಚಿಮ ಬಡಾವಣೆಗಳ ಕಪ್‌ನಲ್ಲಿ ಇನ್ನು ಜಾಗವಿಲ್ಲ ಎಂಬ ಠರಾವು ಮೇಜಿನ ಮೇಲಿತ್ತು. ಅದು ಪಾಸಾದರೆ ಬಳಗ ಮುಗಿದಂತೆಯೇ. ಆಡಲು ಅವರಿಗೆ ಬೇರೆ ಪಂದ್ಯಾವಳಿ ಇರಲಿಲ್ಲ.

ಠರಾವು ಬರೆದವರು ಕಾರ್ಯದರ್ಶಿ ಸೇತುರಾಮ, ರಾಜಾಜಿನಗರದ ನಿವೃತ್ತ ಗಣಿತ ಮೇಷ್ಟ್ರು. ಯುರೋಪಿನ ಫುಟ್‌ಬಾಲ್ ಅವರ ಪಂಚಪ್ರಾಣ. ದುಡ್ಡಿಲ್ಲದವರು ಏನಾಗುತ್ತಾರೆಂದು ತಿಳಿಯಲು ಸ್ಕಾಟ್ಲೆಂಡ್ ನೋಡಿ ಎಂದು ಠರಾವಿನಲ್ಲೇ ಬರೆದಿದ್ದರು.

ಅಧ್ಯಕ್ಷ ಕೃಷ್ಣಯ್ಯ ಎರಡೂ ಕಡೆಗೆ ಐದೈದು ನಿಮಿಷ ಕೊಟ್ಟರು. ಚೇತನಾ ಎದ್ದಳು. ಹೇರೋಹಳ್ಳಿಯಲ್ಲಿ ಸೈಕಲ್ ಶಾಪಿನ ಮಹಡಿ ಮೇಲೆ ಪ್ರತಿ ವಾರ ಸೇರುವ ಅವಳ ಓದುಕೂಟಕ್ಕೆ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಬೇಕು, ಅವನು ತಲೆದೂಗಬೇಕು, ಆಮೇಲೆಯೇ ಖಂಡನೆ. ಮೂರು ವರ್ಷದಲ್ಲಿ ಅದು ಅವಳಿಗೆ ಉಸಿರಾಟದಷ್ಟು ಸಹಜವಾಗಿಹೋಗಿತ್ತು. ಈ ಹಾಲ್‌ನಲ್ಲಿ ಆ ಪದ್ಧತಿ ಯಾರಿಗೂ ಗೊತ್ತಿಲ್ಲವೆಂಬುದು ಅವಳಿಗೆ ಹೊಳೆಯಲೇ ಇಲ್ಲ.

ಸ್ಕಾಟ್ಲೆಂಡಿನ ಇಡೀ ಲೀಗಿಗೆ ಟಿವಿಯಿಂದ ವರ್ಷಕ್ಕೆ ಬರುವ ಹಣ, ಇಂಗ್ಲೆಂಡಿನ ಕಟ್ಟಕಡೆಯ ಕ್ಲಬ್ ಒಂದಕ್ಕೇ ಸಿಗುವ ಪಾಲಿಗೆ ಸಾಟಿಯಲ್ಲ ಎಂದಳು. ಅರವತ್ತು ಸಾವಿರ ಜನ ಮೈದಾನ ತುಂಬಿದರೂ ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ ಹೋದ ವರ್ಷ ಮಿಲಾನ್ ಕೈಲಿ, ಈ ವರ್ಷ ಬಾರ್ಸಿಲೋನಾ ಕೈಲಿ ಒದೆ ತಿಂದು ಮನೆಗೆ ಹೋಯಿತು ಎಂದಳು. ತಮ್ಮ ದೇಶದಲ್ಲಿ ಎರಡೇ ಕ್ಲಬ್ ಸರದಿ ಮೇಲೆ ಕಪ್ ಎತ್ತುತ್ತವೆ, ಹೊರಗೆ ಹೋದರೆ ದುಡ್ಡಿನ ಮುಂದೆ ಮಂಡಿಯೂರುತ್ತವೆ ಎಂದು ಮೇಜು ಗುದ್ದಿದಳು. ಸೇತುರಾಮರು ಕಣ್ಣರಳಿಸಿ ತಲೆದೂಗಿದರು.

ಈಗ ನನ್ನ ಸರದಿ ಎಂದು ಅವಳು ಉಸಿರೆಳೆದುಕೊಂಡಳು. ಅಷ್ಟರಲ್ಲಿ ಕೃಷ್ಣಯ್ಯ ಗಡಿಯಾರ ನೋಡಿ, "ಐದು ನಿಮಿಷ ಆಯ್ತಮ್ಮ. ನೀವೇ ಒಪ್ಕೊಂಡ್ರಲ್ಲ, ಇನ್ನೇನು? ಕೈ ಎತ್ತಿ ಎಲ್ರೂ," ಎಂದರು.

ಹನುಮೇಶ ಬಿಳಿಚಿಕೊಂಡು ಅವಳ ಚೀಲ ಜಗ್ಗಿದ. "ಅಕ್ಕಾ, ನೀವು ಯಾರ ಕಡೆ?"

ನಾನಿನ್ನೂ ಅರ್ಧ ಮಾತ್ರ ಹೇಳಿದ್ದು ಎಂದರೆ ಯಾರು ಕೇಳುತ್ತಾರೆ? ಶಾಯಿಯ ಬೆರಳುಗಳು ಒಂದೊಂದಾಗಿ ಮೇಲೇಳತೊಡಗಿದ್ದವು. ಚೇತನಾ ನೇರ ಸೇತುರಾಮರ ಎದುರು ಹೋಗಿ ನಿಂತಳು. "ಮೇಷ್ಟ್ರೇ, ನಿಮ್ಮ ವಾದ ಸರಿಯಾಗಿ ಹೇಳಿದ್ನಾ?"

"ನನಗಿಂತ ಚೆನ್ನಾಗಿ ಹೇಳಿದ್ರಿ."

"ನಿಮ್ಮ ಐದು ನಿಮಿಷ ಹಾಗೇ ಇದೆ. ಅದರಲ್ಲಿ ನಮ್ಮ ವಾದ ಹೇಳಿ, ನಾನು ತಲೆದೂಗೋವರೆಗೂ. ಆಮೇಲೆ ಕೈ ಎತ್ತಲಿ."

ಹಾಲ್ ನಕ್ಕಿತು. ಸೇತುರಾಮರು ನಗಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವರಿಗೆ ಇದು ತಮಗೇ ಕೊಟ್ಟ ಪರೀಕ್ಷೆಯಂತೆ ಕಂಡಿತು. ಬಡ ತಂಡಗಳೂ ಒಮ್ಮೊಮ್ಮೆ ಗೆಲ್ಲುತ್ತವೆ ಎಂದು ಶುರುಮಾಡಿದರು. ಚೇತನಾ ತಲೆ ಅಲ್ಲಾಡಿಸಿದಳು, ಸಾಲದು. ಆಗ ಅವರು ಎದ್ದು ನಿಂತರು. ಗ್ಲಾಸ್ಗೋದ ಇನ್ನೊಂದು ಕ್ಲಬ್ ರೇಂಜರ್ಸ್ ಈ ಸಲ ಫ್ರಾನ್ಸಿನ ಲಿಯಾನಿಗೆ ಹೋಗಿ ಮೂರು ಗೋಲು ಹೊಡೆದದ್ದನ್ನು ಹೇಳಿದರು, ಲಿಸ್ಬನ್‌ನಲ್ಲಿ ಎರಡು ಹೊಡೆದದ್ದನ್ನು ಹೇಳಿದರು. ಇಟಲಿಯ ಫಿಯೊರೆಂಟಿನಾ ಎದುರು ಎರಡು ಪಂದ್ಯದಲ್ಲೂ ಗೋಡೆಯಂತೆ ನಿಂತು ಪೆನಾಲ್ಟಿಯಲ್ಲಿ ಗೆದ್ದದ್ದಕ್ಕೆ ಬರುವ ಹೊತ್ತಿಗೆ ಎತ್ತಿದ್ದ ಕೈಗಳು ಇಳಿದಿದ್ದವು. ಹಿಂದಿನ ಬೆಂಚಿನವರು ಮುಂದಕ್ಕೆ ಬಂದು ನಿಂತಿದ್ದರು.

"ಬುಧವಾರ ಅವರು ಫೈನಲ್ ಆಡ್ತಾರೆ ಕಣ್ರೀ, ಯುರೋಪಿನ ಯುಯೆಫಾ ಕಪ್ದು. ದುಡ್ಡು ನೋಡಿ ಬಾಗಿಲಲ್ಲೇ ತಡೆದಿದ್ರೆ ನಾನು ಯಾರನ್ನ ನೋಡ್ತಿದ್ದೆ..." ಸೇತುರಾಮರು ಅಲ್ಲಿಗೇ ನಿಂತುಬಿಟ್ಟರು. ತಾವು ಬರೆದ ಠರಾವನ್ನು ತಾವೇ ದಿಟ್ಟಿಸಿದರು.

ಚೇತನಾ ನಿಧಾನವಾಗಿ ತಲೆದೂಗಿದಳು.

ಅವರು ಪೆನ್ನು ತೆಗೆದು ಠರಾವಿನ ಮೇಲೆ ಅಡ್ಡಗೆರೆ ಎಳೆದರು. ಬದಲಿಗೆ ಒಂದು ಸೂಚನೆ ಇಟ್ಟರು: ಆ ರೇಂಜರ್ಸ್ ಕೂಡ ಮೊದಲು ಎರಡು ಸುತ್ತು ಅರ್ಹತಾ ಪಂದ್ಯ ಆಡಿಯೇ ದೊಡ್ಡವರ ಗುಂಪಿಗೆ ಸೇರಿದ್ದು. ಬಿನ್ನಿಪೇಟೆಯವರೂ ಎರಡು ಪಂದ್ಯ ಗೆದ್ದು ಬರಲಿ. ಈ ಸಲ ಹಾಲ್ ತುಂಬ ಕೈ ಎದ್ದವು. ಹನುಮೇಶ ಬೆಂಚು ಹತ್ತಿ ಕುಣಿದ.

ಚೇತನಾ ಕುಣಿಯಲಿಲ್ಲ. ಮೈದಾನ ಇರುವವರಿಗಿಲ್ಲದ ಆ ಎರಡು ಪಂದ್ಯ ಮೈದಾನ ಇಲ್ಲದವರಿಗೇ ಏಕೆ ಎಂದು ಅವಳಿಗೆ ಸಿಟ್ಟು ಬಂತು. ಬಾಯಿ ತೆರೆದಳು.

"ಅಕ್ಕಾ, ಕೈ ಮುಗೀತೀನಿ," ಎಂದ ಹನುಮೇಶ. "ಇನ್ನೊಂದ್ಸಲ ಅವರ ವಾದ ಹೇಳ್ಬೇಡಿ."

ಅವಳು ಹೇಳಲಿಲ್ಲ. ತನ್ನ ಆಕ್ಷೇಪಣೆಯನ್ನು ಸಭೆಯ ಪುಸ್ತಕದಲ್ಲಿ ಬರೆಸಿ, ಕೃಷ್ಣಯ್ಯನವರ ರುಜು ಬೀಳುವವರೆಗೂ ಮೇಜಿನ ಪಕ್ಕದಿಂದ ಕದಲಲಿಲ್ಲ. ಹೊರಗೆ ಬಂದಾಗ ಹನುಮೇಶ ಕೊರಿಯರ್ ಚೀಲವನ್ನೇ ಗೋಲಿನ ಕಂಬ ಮಾಡಿ ರಸ್ತೆಯಲ್ಲಿ ಅಭ್ಯಾಸ ಶುರುಮಾಡಿಯಾಗಿತ್ತು.