ಹನ್ನೆರಡು ಮೇಕೆಗಳ ಪಂಕ್ತಿ

ಅರವತ್ತನೆಯ ದಿನದ ರಕ್ತಪರೀಕ್ಷೆಯ ವರದಿ ನೋಡಿದಾಗ ನನಗೆ ಮೊದಲು ಅನುಮಾನ ಬಂದದ್ದು ಯಂತ್ರದ ಮೇಲೆ. ಆಮೇಲೆ ನನ್ನ ಮೇಲೆ. ಆರು ಮೇಕೆಗಳಿಗೆ ಒಣಗಿಸಿದ ಕುದುರೆ ಮಸಾಲೆ ಸೊಪ್ಪು, ಉಳಿದ ಆರಕ್ಕೆ ಬರೀ ಜೋಳದ ಕಣಿಕೆ, ಅಂದರೆ ಒಣ ದಂಟು. ಎರಡು ತಿಂಗಳಾದ ಮೇಲೆ, ದೇಹದ ಕೋಶಗಳನ್ನು ಕಾಯುವ ವಿಟಮಿನ್ ಇ ಎರಡೂ ಗುಂಪಿನ ರಕ್ತದಲ್ಲಿ ಒಂದೇ ಸಮ! ಹಾಗಿದ್ದರೆ ಆ ಸೊಪ್ಪಿನ ಹೆಚ್ಚುಗಾರಿಕೆ ಏನು? ನನ್ನ ಸಂಶೋಧನಾ ಪ್ರಬಂಧ ಒಪ್ಪಿಸಲು ಉಳಿದದ್ದು ಹದಿನೈದೇ ದಿನ.

ಕುದುರೆ ಮಸಾಲೆಯನ್ನು ಇಲ್ಲಿಯವರು ಲಸೂನ್‌ಘಾಸ್ ಎನ್ನುತ್ತಾರೆ. ಸತ್ವವೆಲ್ಲ ಅದರ ಎಲೆಯಲ್ಲಿ. ನಾಗಪುರದ ಬಿಸಿಲಿಗೆ ಒಡ್ಡಿದರೆ ಹಸಿರೂ ಹೋಗುತ್ತದೆ, ಎಲೆಯೂ ಉದುರುತ್ತದೆ. ಅದಕ್ಕೇ ಬುಟಿಬೋರಿಯ ಕಡೆಯಿಂದ ತಂದದ್ದನ್ನು ನೆರಳಲ್ಲಿ ಹರಡಿ, ಬೆಳಗಿನ ತಂಪಿನಲ್ಲೇ ಮಗುಚಿ ಒಣಗಿಸಿದ್ದೆ. ಮನೆಯಲ್ಲಿ ಒಂದು ಲೋಟ ತೊಳೆಯದವಳು ಹುಲ್ಲಿಗೆ ಆರತಿ ಎತ್ತುತ್ತಾಳೆ ಎಂದು ಅಮ್ಮ ಆಡಿಕೊಂಡಿದ್ದಳು.

ಮೂರು ದಿನ ಕೂತಲ್ಲಿ ಕೂರಲಾಗಲಿಲ್ಲ. ರಕ್ತವನ್ನು ಮತ್ತೆ ಪರೀಕ್ಷಿಸಿದೆ, ಅದೇ ಅಂಕಿ. ನಾಲ್ಕನೆಯ ದಿನ ಬೆಳಿಗ್ಗೆ ಹೇಳದೆ ಕೇಳದೆ ಪಶುವೈದ್ಯ ಕಾಲೇಜಿನ ಕೊಟ್ಟಿಗೆಗೆ ಹೋದೆ. ಮೇವು ಹಾಕುವ ಗುಂಡಪ್ಪ ಎರಡು ಸಾಲುಗಳ ನಡುವೆ ನಿಂತು, ಕುದುರೆ ಮಸಾಲೆಯನ್ನು ಈ ಕಡೆಗೊಂದು ಹಿಡಿ, ಆ ಕಡೆಗೊಂದು ಹಿಡಿ ಬಡಿಸುತ್ತಿದ್ದರು. ಬಡಿಸುತ್ತಿದ್ದರು ಎಂದೇ ಹೇಳಬೇಕು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಬಡಿಸಿ ನಿವೃತ್ತರಾದವರು. ಕನ್ನಡದವರು ಸಿಕ್ಕರಲ್ಲ ಎಂದು ನಾನೇ ಕರೆತಂದಿದ್ದೆ.

"ಏನ್ ಮಾಡಾಕತ್ತೀರಿ ಕಾಕಾ?" ಎಂದು ಕಿರುಚಿದೆ.

ಅವರು ಬೆಚ್ಚಲಿಲ್ಲ. "ಎದುರಾಬದುರಾ ಕಟ್ಟೀರಿ ಮೃದುಲಾ ಬಾಯಾರ. ಇವು ತಿಂತಾವ, ಅವು ಬಾಯಿ ನೋಡ್ತಾವ. ಒಂದ ಪಂಕ್ತಿಗೆ ಕುಂದರಿಸಿ ಭೇದಾ ಮಾಡೂದು ನನ್ನ ಕೈಲೆ ಆಗಂಗಿಲ್ರಿ. ಹನ್ನೆರಡಕ್ಕೂ ಬರೋಬರ್ ಹಾಕೀನಿ."

"ಭೇದಾ ಮಾಡಿ ನೋಡೂದ ಈ ಪರೀಕ್ಷಾ! ನನ್ನ ಎರಡ ವರ್ಷದ ಕೆಲಸ ಮಣ್ಣಗೂಡಿಸಿದ್ರಿ!"

ಅವರ ಮುಖ ಇಳಿಯಿತು. "ಯಾಕ ಅಂತ ನನಗ ಯಾರೂ ಹೇಳಲಿಲ್ಲಲ್ರಿ."

ನಿಜ. ಎಡಕ್ಕೆ ಇದು, ಬಲಕ್ಕೆ ಅದು ಎಂದಷ್ಟೇ ಅಪ್ಪಣೆ ಕೊಟ್ಟು ಬಂದಿದ್ದೆ. ಆ ಸಿಟ್ಟನ್ನೂ ಅವರ ಮೇಲೇ ತೀರಿಸಿಕೊಂಡೆ.

ಸಂಜೆ ಕಂಪ್ಯೂಟರ್ ಮುಂದೆ ಕೂತೆ. ಕಣಿಕೆ ಗುಂಪಿನ ಆರು ಅಂಕಿಗಳನ್ನು ತುಸು ಇಳಿಸಿದರೆ ಮುಗಿಯಿತು, ಯಾವ ಮೇಕೆಯೂ ಬಂದು ಸಾಕ್ಷಿ ಹೇಳುವುದಿಲ್ಲ. ಬೆರಳು ಎರಡು ಸಲ ಮುಂದೆ ಹೋಗಿ ಹಿಂದೆ ಬಂತು. ಕೊನೆಗೆ ನಡೆದದ್ದನ್ನು ನಡೆದಂತೆ ಮಾರ್ಗದರ್ಶಕರಿಗೆ ಬರೆದೆ. ತಪ್ಪು ನನ್ನದೆಂದೂ ಬರೆದೆ. ಒಂದೇ ಸಾಲಿನ ಉತ್ತರ ಬಂತು: ಮೊದಲಿನಿಂದ ಶುರುಮಾಡು. ಪ್ರಬಂಧ ಆರು ತಿಂಗಳು ಮುಂದೆ ಹೋಯಿತು. ಬಿಕ್ಕಿ ಬಿಕ್ಕಿ ಅತ್ತೆ, ಸಮಾಧಾನವೇನೂ ಆಗಲಿಲ್ಲ.

ಹೊಸ ಮೇಕೆಗಳು ಬಂದವು. ಈ ಸಲ ಸಾಲುಗಳ ನಡುವೆ ತಾಡಪಾಲು ಕಟ್ಟಿಸಿದೆ. ಗುಂಡಪ್ಪ ಪೊರಕೆ ಹಿಡಿದು, "ಹಿಕ್ಕಿ ನಾ ಬಳೀತೀನ್ರಿ, ನೀರ ನಾ ಕುಡಸ್ತೀನಿ. ಮೇವ ಮಾತ್ರ ನೀವ ಹಾಕ್ರಿ" ಎಂದು ಹೊರಗೆ ಹೋದರು.

ಬಲಗಡೆ ಸೊಪ್ಪು ಹಾಕಿ, ಎಡಗಡೆ ಕಣಿಕೆ ಹಾಕಿದೆ. ಎಡದ ಆರೂ ಬಾಯಿ ಹಾಕಲಿಲ್ಲ. ತಾಡಪಾಲು ನೋಟವನ್ನಷ್ಟೇ ತಡೆದಿತ್ತು, ವಾಸನೆಯನ್ನಲ್ಲ. ಆರು ಮೂತಿಗಳು ಅದಕ್ಕೆ ಒತ್ತಿಕೊಂಡು ಕೂಗತೊಡಗಿದವು. "ತಿನ್ರೇ, ಇವತ್ತೊಂದಿನ ಇದನ್ನ ತಿನ್ರೇ" ಎಂದು ಗೋಗರೆದೆ. ನೋಡಿದರೆ ನನ್ನ ಮುಷ್ಟಿಯಲ್ಲಿ ಒಂದು ಹಿಡಿ ಹಸಿರು ಸೊಪ್ಪಿತ್ತು. ಯಾವಾಗ ತೆಗೆದುಕೊಂಡೆನೋ ಗೊತ್ತಿಲ್ಲ.

ಅದನ್ನು ಚೀಲಕ್ಕೆ ತುರುಕಿ, ಚೀಲದ ಬಾಯಿ ಬಿಗಿದು ಹೊರಗೆ ಬಂದೆ. ನಾಳೆಯೂ ಇದೇ ಕೈ ಇಲ್ಲಿಗೆ ಬರಬೇಕಲ್ಲ ಎಂದು ಹೆದರಿಕೆಯಾಯಿತು.