ಉಳಿದರ್ಧ ಬಾನೆಟ್

"ಎತ್ತಿ ನೋಡಿ ತಾಯಿ, ನೋಡಿದ್ರೆ ಸವೆದುಹೋಗಲ್ಲ," ಎಂದು ಅಂಗಡಿಯವನು ಎರಡನೆಯ ಪಾಲಿಷ್ ಮಷೀನನ್ನೂ ಗಾಜಿನ ಮೇಜಿನ ಮೇಲಿಟ್ಟ.

ಅವಳು ಎತ್ತಿದಳು. ಮೊದಲನೆಯದಕ್ಕಿಂತ ಇದು ಭಾರ. ಮೂತಿ ಉದ್ದ, ಪಕ್ಕದಲ್ಲಿ ತಿರುಪು ಹಾಕಿ ಕೂರಿಸುವ ಹಿಡಿ. ತೂಕ ಕೈಗೆ ಬಂದೊಡನೆ ಮೊಣಕೈ ತಾನಾಗಿ ಪಕ್ಕೆಗೆ ಒತ್ತಿಕೊಂಡಿತು. ಹಾಗೆ ಹಿಡಿಯಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಅದು ಬೇಡ ಅತ್ತಿಗೆ," ಎಂದ ಮೈದುನ. ಬಸ್ ಕಂಪನಿಯ ಟಿಕೆಟ್ ಕೌಂಟರಿನಲ್ಲಿ ಕೂರುವವನು, ಈವತ್ತು ರಜೆ ಹಾಕಿ ಬಂದಿದ್ದ. ವಾರವೆಲ್ಲ ಫೋನಿನಲ್ಲಿ ವಿಡಿಯೋ ನೋಡಿ ಅರ್ಧ ಪಂಡಿತನಾಗಿದ್ದ. "ಈ ಸಣ್ಣದೇ ಇರ್ಲಿ. ಸುತ್ತುತ್ತಾ ಸುತ್ತುತ್ತಾ ಅಲುಗಾಡುತ್ತೆ ಇದು. ಜಾಸ್ತಿ ಬಿಸಿ ಆಗಲ್ಲ, ಬಣ್ಣ ಸುಡಲ್ಲ. ಮಗು ಕೈಗೆ ಕೊಟ್ರೂ ನಡೆಯುತ್ತಂತೆ."

"ಮಗು ಕೈಗೆ ಕೊಟ್ರೆ ಮಗೂನೇ ಅಲುಗಾಡುತ್ತೆ," ಎಂದ ಅಂಗಡಿಯವನು. ಅವನ ಕನ್ನಡಕ ದಾರದಲ್ಲಿ ಎದೆಯ ಮೇಲೆ ನೇತಾಡುತ್ತಿತ್ತು. ಗ್ಯಾರೇಜಿನವರೆಲ್ಲ ಅವನನ್ನು ಗ್ರೀಸಣ್ಣ ಎಂದು ಕರೆಯುತ್ತಿದ್ದರು. "ನೀವು ಹೇಳಿದ್ದು ಸುಳ್ಳಲ್ಲ ಸಾರ್. ಅದು ಸಾಧು ಪ್ರಾಣಿ. ಇದು ರೋಟರಿ, ಹಟಮಾರಿ. ಒಂದೇ ಕಡೆಗೆ ಸುತ್ತುತ್ತೆ, ಒಂದೇ ಜಾಗದಲ್ಲಿ ನಿಂತರೆ ಬಣ್ಣ ತಿಂದು ತಗಡು ತೋರಿಸುತ್ತೆ. ಆದ್ರೆ ಹಳೇ ಗಾಡಿ ಬಣ್ಣಕ್ಕೆ ಇದು ಕೊಡೋ ಹೊಳಪು ಬೇರೆ."

"ಅರ್ಧ ಇಂಥದ್ದರಲ್ಲೇ ಆಗಿದೆ," ಎಂದಳು ಅವಳು.

ಮೈದುನ ಸಣ್ಣ ಮಷೀನನ್ನು ಪಕ್ಕಕ್ಕೆ ಸರಿಸಿದ.

ಆ ಅರ್ಧ ಶೆಡ್ಡಿನಲ್ಲಿ ಬಟ್ಟೆಯ ಹೊದಿಕೆಯ ಕೆಳಗಿತ್ತು. ಡ್ರಾಯಿಂಗ್ ಮೇಷ್ಟ್ರ ಹಳೆಯ ಕಾರು, ಕೆಂಗಂದು ಬಣ್ಣದ್ದು. ಅವಳ ಗಂಡ ಕೊನೆಯದಾಗಿ ಕೈಹಾಕಿದ ಗಾಡಿ ಅದು. ಯಾವ ಗಾಡಿಯಾದರೂ ಅವನು ಬಾಗಿಲು, ಟಾಪು, ಡಿಕ್ಕಿ ಎಲ್ಲ ಮುಗಿಸಿ ಬಾನೆಟ್ಟನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದ. ಅದರ ನಡುವೆ ಉದ್ದಕ್ಕೆ ಟೇಪು ಅಂಟಿಸಿ ಒಂದು ಕಡೆ ಮಾತ್ರ ಪಾಲಿಷ್ ಮಾಡುತ್ತಿದ್ದ. ಆಮೇಲೆ ಗಾಡಿಯವರನ್ನು ಕರೆಸಿ, ಟೇಪಿನ ಆಚೆ ಒಂದು ಕಣ್ಣು ಈಚೆ ಒಂದು ಕಣ್ಣು ಇಟ್ಟು ನೋಡಿ ಎನ್ನುತ್ತಿದ್ದ. ಅವರು ಬಾಯಿಬಿಟ್ಟು ನೋಡಿದ ಮೇಲೆಯೇ ಉಳಿದರ್ಧ. "ಮೊದಲು ಹೇಗಿತ್ತು ಅಂತ ಜನಕ್ಕೆ ಬೇಗ ಮರೆತುಹೋಗುತ್ತೆ ಕಣೇ," ಎನ್ನುತ್ತಿದ್ದ. "ಮರೆಯೋದರೊಳಗೆ ತೋರಿಸಿಬಿಡಬೇಕು."

ಮೇಷ್ಟ್ರನ್ನು ಕರೆತರಲು ಸ್ಕೂಟರಿನಲ್ಲಿ ಹೊರಟಿದ್ದ. ಅವರು ಚಪ್ಪಲಿ ಮೆಟ್ಟಿಕೊಂಡು ಗೇಟಿನ ಬಳಿ ಕಾಯುತ್ತಿದ್ದರು. ಸ್ಕೂಟರು ಅಲ್ಲಿಗೆ ತಲುಪಲಿಲ್ಲ.

ಆಮೇಲೆ ಮೇಷ್ಟ್ರು ಕಾರನ್ನು ಕೇಳಲಿಲ್ಲ. ಎಲ್ಲಿಗೆ ಹೋಗಬೇಕಾದರೂ ಬಸ್ಸಿನಲ್ಲಿ ಹೋದರು. ಮಳೆಗಾಲದಲ್ಲಿ ಶೆಡ್ಡಿನ ಶೀಟು ಸೋರಿ ಕಪಾಟಿನೊಳಗೆ ನೀರಿಳಿದು ಅವನ ಮಷೀನಿನ ಮೋಟಾರಿನ ಕಾಯಿಲು ಹೋಯಿತು. ತೊಳೆಯುವವರಿಲ್ಲದೆ ಪ್ಯಾಡುಗಳು ಹಳೆಯ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾದವು. ಹೋದ ವಾರ ಮೇಷ್ಟ್ರು ಫೋನ್ ಮಾಡಿ, ತಂಗಿಯ ಊರಿಗೆ ಹೋಗಿ ಇದ್ದುಬಿಡುತ್ತೇನೆ, ಗಾಡಿ ಹೇಗಿದ್ದರೆ ಹಾಗೇ ತೆಗೆದುಕೊಂಡು ಹೋಗುತ್ತೇನೆ ಎಂದರು. ದೊಡ್ಡ ರಸ್ತೆಯ ವಾಷಿಂಗ್ ಸೆಂಟರಿಗೆ ಕೊಟ್ಟರೆ ಅರ್ಧ ದಿನದಲ್ಲಿ ಮುಗಿಸುತ್ತಾರೆ ಎಂದು ಮೈದುನ ವಿಚಾರಿಸಿಕೊಂಡು ಬಂದಿದ್ದ. ಅವರು ಬಾನೆಟ್ಟನ್ನೆಲ್ಲ ಮೊದಲಿನಿಂದ ಉಜ್ಜಿ ಒಂದೇ ಸಮ ಮಾಡುತ್ತಾರೆ.

"ಅವನ ಕಡೇನೂ ಉಜ್ಜುತ್ತಾರಾ?" ಎಂದು ಅವಳು ಕೇಳಿದ್ದಳು.

"ಉಜ್ಜಲೇಬೇಕಲ್ಲ ಅತ್ತಿಗೆ."

"ಹಾಗಾದ್ರೆ ಬೇಡ. ನಾನು ಮಾಡ್ತೀನಿ."

ಎಂ.ಎ. ಓದಿ ಕಾಲೇಜಿನಲ್ಲಿ ಪಾಠ ಮಾಡುವ ಅತ್ತಿಗೆ ಪಾಲಿಷ್ ಮಷೀನು ಹಿಡಿಯುತ್ತೇನೆ ಎಂದಾಗ ಮೈದುನನಿಗೆ ನಗುವುದೋ ಬಿಡುವುದೋ ತಿಳಿಯಲಿಲ್ಲ. ಕೊನೆಗೆ ರಜೆ ಬರೆದುಕೊಟ್ಟ.

ಅಂಗಡಿಯ ಹಿತ್ತಿಲಿನಲ್ಲಿ ಗ್ರೀಸಣ್ಣ ಒಂದು ಹಳೆಯ ಕಾರಿನ ಬಾಗಿಲನ್ನು ಬೆಂಚಿನ ಮೇಲೆ ಮಲಗಿಸಿದ್ದ. ಕೊಳ್ಳುವವರು ಪರೀಕ್ಷೆ ಮಾಡಿ ನೋಡಲೆಂದು ಇಟ್ಟದ್ದು. ಅದರ ಮೇಲೆ ಎಷ್ಟು ಜನ ಕೈ ಪಳಗಿಸಿದ್ದರೋ, ಕೆಲವು ಕಡೆ ಕನ್ನಡಿ, ಕೆಲವು ಕಡೆ ಗಜಕರ್ಣ ಹಿಡಿದ ಹಾಗಿತ್ತು.

"ಉಣ್ಣೆ ಪ್ಯಾಡು ಹಾಕಲಾ, ಸ್ಪಂಜಾ?"

"ಮೊದಲು ಉಣ್ಣೆ. ಆಮೇಲೆ ಸ್ಪಂಜು," ಎಂದಳು. ಅವನು ಮಾಡುತ್ತಿದ್ದುದು ಹಾಗೆ.

ಗ್ರೀಸಣ್ಣ ಹಿಡಿಯನ್ನು ಮಷೀನಿನ ಎಡಕ್ಕೆ ಕೂರಿಸಿದ. ಅವಳು ಬೆರಳ ತುದಿಯಿಂದ ಕಾಂಪೌಂಡ್ ಎಂಬ ಉಜ್ಜುವ ಪೇಸ್ಟನ್ನು ನಾಲ್ಕಾರು ಬೊಟ್ಟುಗಳಾಗಿ ಇಟ್ಟು, ಮಷೀನು ಚಾಲೂ ಮಾಡುವ ಮೊದಲೇ ಪ್ಯಾಡಿನಿಂದ ಅದನ್ನು ಒರೆಸಿ ಹರಡಿದಳು. ಇಲ್ಲವಾದರೆ ಎಲ್ಲ ಮುಖಕ್ಕೆ ಹಾರುತ್ತದೆ. ಗ್ರೀಸಣ್ಣ ಹುಬ್ಬೇರಿಸಿ ಮೈದುನನ ಕಡೆ ನೋಡಿದ.

ಗುಂಡಿ ಒತ್ತಿದಾಗ ಮಷೀನು ಒಂದು ಕಡೆಗೆ ಎಳೆಯಿತು. ಅವಳು ಬಿಡಲಿಲ್ಲ. ನಿಧಾನವಾಗಿ ಆಚೆಗೆ, ನಿಧಾನವಾಗಿ ಈಚೆಗೆ; ಹೋದ ದಾರಿಯ ಅರ್ಧವನ್ನು ಬರುವ ದಾರಿ ಮುಚ್ಚುತ್ತಾ ಹೋಯಿತು. ಅದೇ ಸದ್ದು. ಮೊದಲು ಗೊಗ್ಗರು, ಕಾಂಪೌಂಡು ಒಣಗುತ್ತಾ ಬಂದಂತೆ ತೆಳ್ಳಗೆ. ಕಾಲೇಜು ಮುಗಿಸಿ ನೇರ ಶೆಡ್ಡಿಗೆ ಹೋದ ಸಂಜೆಗಳಲ್ಲಿ ಬಾನೆಟ್ಟಿನ ಎದುರು ಬದಿಗೆ ನಿಂತು ಅವಳು ಲೈಟು ಹಿಡಿಯುತ್ತಿದ್ದಳು. ಓರೆಯಾಗಿ ಹಿಡಿದರೆ ಬಣ್ಣದ ಮೇಲಿನ ಸುಳಿಗೆರೆಗಳೆಲ್ಲ ಜೇಡರ ಬಲೆಯಂತೆ ಏಳುತ್ತಿದ್ದವು. ಅವನು ತಲೆಯೆತ್ತದೆ ಹೇಳುತ್ತಿದ್ದ: "ಲೈಟು ಬಾನೆಟ್ಟಿಗೆ ಹಿಡಿ ಮಹರಾಯ್ತಿ. ನನ್ನ ಮುಖ ಮನೇಲಿ ನೋಡಿದ್ರಾಯ್ತು."

ಬಾಗಿಲಿನ ನಡುಭಾಗ ಚೆನ್ನಾಗಿಯೇ ಬಂತು. ಅಂಚಿಗೆ ಬಂದಾಗ ಮಷೀನನ್ನು ಒಂದಿಷ್ಟು ವಾಲಿಸಬೇಕು. ಅವನು ವಾಲಿಸುತ್ತಿದ್ದಂತೆಯೇ ವಾಲಿಸಿದಳು. ಪ್ಯಾಡು ಅಂಚನ್ನು ಕಚ್ಚಿಕೊಂಡು ಜಿಗಿಯಿತು. ಸುಟ್ಟ ವಾಸನೆ ಬಂತು. ಮೈದುನ ಪ್ಲಗ್ಗು ಕೀಳುವಷ್ಟರಲ್ಲಿ ಅಂಚಿನ ಬಣ್ಣ ಹೋಗಿ ಹೆಬ್ಬೆರಳಿನ ಉಗುರಷ್ಟಗಲ ಬಿಳಿ ಪ್ರೈಮರ್ ಕಾಣಿಸಿತ್ತು.

"ಸಾಕು ಅತ್ತಿಗೆ," ಎಂದ. "ಇದು ಗುಜರಿ ಬಾಗಿಲು, ಬಿಡಿ. ಮೇಷ್ಟ್ರ ಗಾಡಿಯಲ್ಲಿ ಹೀಗಾದ್ರೆ? ಅಣ್ಣ ಮಾಡಿದ್ದೂ ಕೆಟ್ಟು ಹೋಗುತ್ತೆ."

ಅವಳು ಮಷೀನನ್ನು ಕೆಳಗಿಟ್ಟು, ಖಾಲಿ ಕೈಗಳನ್ನು ಗಾಳಿಯಲ್ಲಿ ಹಿಡಿದು ವಾಲಿಸಿ ನೋಡಿದಳು. ಇನ್ನೊಂದು ಸಲ ನೋಡಿದಳು.

"ಯಾರು ಕಲಿಸಿದ್ದು ತಾಯಿ?" ಎಂದ ಗ್ರೀಸಣ್ಣ ಮೆಲ್ಲಗೆ. "ನಡುವೆ ಮಾಡಿದ್ದು ನೋಡಿದ್ರೆ ಹೊಸಬರ ಕೈ ಅನ್ನಿಸಲ್ಲ. ಅಂಚಿಗೆ ಬಂದು ಯಾಕೆ ಹಾಗೆ ಉಲ್ಟಾ ಹಿಡಿದ್ರಿ?"

"ಎದುರಿಗೆ ನಿಂತು ನೋಡಿದ್ದು," ಎಂದಳು. ತನಗೇ ಹೇಳಿಕೊಳ್ಳುವಂತೆ ಹೇಳಿದಳು. "ಅವನು ಎಡಚ. ಅವನ ಎಡಗೈ ನನ್ನ ಬಲಗೈ ಎದುರಿಗಿತ್ತು. ಅವನು ಆ ಕಡೆ ವಾಲಿಸಿದ್ರೆ ನಾನು ಕನ್ನಡಿ ಥರ ಈ ಕಡೆ..."

ಮಾತು ನಿಲ್ಲಿಸಿದಳು. ಕನ್ನಡಿಯಲ್ಲಿ ಎಲ್ಲವೂ ಅದಲುಬದಲಾಗುತ್ತದೆ, ಮಷೀನಿನ ಸುತ್ತು ಮಾತ್ರ ಆಗುವುದಿಲ್ಲ. ಅವನ ಪ್ಯಾಡು ಅಂಚಿನಿಂದ ಹೊರಕ್ಕೆ ಸುತ್ತುತ್ತಿತ್ತು. ಅವಳದು ಅಂಚಿನ ಮೇಲಕ್ಕೇ ನುಗ್ಗಿತ್ತು.

"ಪ್ಲಗ್ ಹಾಕು," ಎಂದಳು ಮೈದುನನಿಗೆ.

"ಅತ್ತಿಗೆ..."

"ಹಾಕಪ್ಪಾ."

ಈ ಸಲ ಅದೇ ಅಂಚಿನ ಇನ್ನೊಂದು ಜಾಗದಲ್ಲಿ, ಮಷೀನನ್ನು ಮೊದಲಿನಂತೆ ಎಡಕ್ಕಲ್ಲ, ಬಲಕ್ಕೆ ವಾಲಿಸಿದಳು. ಕೈಗೆ ಅದು ಸರಿ ಅನ್ನಿಸಲಿಲ್ಲ. ಬೇರೆಯವರ ಕೈಬರಹವನ್ನು ತಿದ್ದಿ ಬರೆದ ಹಾಗಿತ್ತು. ಪ್ಯಾಡು ಅಂಚಿನ ಮೇಲೆ ಮೆತ್ತಗೆ ಹಾದು ಹೊರಕ್ಕೆ ಜಾರಿತು. ಮತ್ತೊಮ್ಮೆ ಮಾಡಿದಳು. ಬಣ್ಣ ಹಾಗೇ ಇತ್ತು.

ಗ್ರೀಸಣ್ಣ ಕನ್ನಡಕ ಏರಿಸಿ ಬಾಗಿಲಿಗೆ ಮೂಗು ತಾಗಿಸುವಷ್ಟು ಬಗ್ಗಿ ನೋಡಿದ. "ಹ್ಞಾಂ. ಆದ್ರೂ ಉಣ್ಣೆ ಬೇಡ ತಾಯಿ, ಅದಕ್ಕೆ ಹಸಿವು ಜಾಸ್ತಿ. ನಡುತರದ ಸ್ಪಂಜು ತಗೊಳ್ಳಿ, ಕೊನೆಗೆ ಒಂದು ಮೆತ್ತಂದು. ಹೊತ್ತು ಹಿಡಿಯುತ್ತೆ, ಹಿಡೀಲಿ ಬಿಡಿ. ಇನ್ನೊಂದು ಮಾತು. ಹಳೇ ಗಾಡಿ, ಬಣ್ಣದ ಮೇಲೆ ಬೇರೆ ಲೇಪ ಇರಲ್ಲ. ಪ್ಯಾಡಿಗೆ ಬಣ್ಣ ಹತ್ತುತ್ತೆ. ಹೆದರಬೇಡಿ."

ಅವಳು ರೋಟರಿಯನ್ನೇ ತೆಗೆದುಕೊಂಡಳು. ಗ್ರೀಸಣ್ಣ ಹೇಳಿದ ಪ್ಯಾಡುಗಳನ್ನೇ ತೆಗೆದುಕೊಂಡಳು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮೈದುನ ತೊಡೆಯ ಮೇಲಿಟ್ಟುಕೊಂಡು ಕೂತ. "ನಮ್ಮ ಬಸ್ಸಲ್ಲೇ ನನಗೆ ಲಗೇಜ್ ಟಿಕೆಟ್ ಹರೀತಾನೆ ನೋಡಿ ಈ ಕಂಡಕ್ಟರು," ಎಂದ. ಎಷ್ಟೋ ತಿಂಗಳ ಮೇಲೆ ಅವಳು ನಕ್ಕಳು. ನಕ್ಕದ್ದಕ್ಕೆ ಅವನು ಕಿಟಕಿಯ ಕಡೆ ತಿರುಗಿ ಕೂತ.

ಮರುದಿನ ಬೆಳಗ್ಗೆ ಹೊದಿಕೆ ತೆಗೆದು ಬಾನೆಟ್ಟನ್ನು ತೊಳೆದರು. ಅವನ ಕಡೆಯ ಅರ್ಧದಲ್ಲಿ ಶೆಡ್ಡಿನ ಮಾಡಿನ ಶೀಟಿನ ಮಡಿಕೆಗಳೆಲ್ಲ ಎಣಿಸುವಷ್ಟು ಸ್ಪಷ್ಟವಾಗಿ ಕಂಡವು. ಈ ಕಡೆಯದು ಒಣಗಿದ ಇಟ್ಟಿಗೆಯ ಹಾಗಿತ್ತು. ಟೇಪು ಚೂರುಚೂರಾಗಿ ಬಂತು. ಅಂಟು ಸೀಮೆಎಣ್ಣೆಗೆ ಬಿಟ್ಟಿತು. ಮೈದುನ ಎದುರು ಬದಿಗೆ ನಿಂತು ಲೈಟು ಹಿಡಿದ.

ಅವಳು ಅಂಚಿನ ಒಂದು ಬೆರಳಗಲವನ್ನು ಕೈಯಿಂದಲೇ ಉಜ್ಜಲು ಬಿಟ್ಟು, ಉಳಿದದ್ದನ್ನು ಮಷೀನಿನಿಂದ ಮಾಡಿದಳು. ಹೊಸ ಪ್ಯಾಡು ಕೆಂಪಾಯಿತು. ಕಾಂಪೌಂಡು ಒರೆಸಿದ ಕಡೆಯೆಲ್ಲ ಕೆಳಗಿನಿಂದ ಬಣ್ಣ ಎದ್ದು ಬಂತು. ಸ್ಪಂಜು ಬದಲಾಯಿಸಿ ಮತ್ತೆ ಮಾಡಿದಳು. ಭುಜ ಕಿತ್ತುಬರುತ್ತಿತ್ತು. ಬಿಸಿಲು ಶೆಡ್ಡಿನ ಬಾಗಿಲು ದಾಟಿ ಒಳಕ್ಕೆ ಬಂದಾಗ ಎರಡೂ ಅರ್ಧಗಳು ಒಂದೇ ಹೊಳಪಿಗೆ ಬಂದಿದ್ದವು. ಆದರೆ ನಡುವೆ, ಟೇಪು ಇದ್ದ ಕಡೆ, ತೆಳ್ಳನೆಯ ಮಸುಕು ಗೆರೆಯೊಂದು ಉದ್ದಕ್ಕೆ ಉಳಿದಿತ್ತು.

"ಇರ್ಲಿ ಬಿಡಿ ಅತ್ತಿಗೆ," ಎಂದ ಮೈದುನ. "ಅದನ್ನ ತೆಗೀಬೇಕಂದ್ರೆ ಅಣ್ಣನ ಕಡೆಗೂ ಮಷೀನು ಹೋಗಬೇಕಾಗುತ್ತೆ. ಮೇಷ್ಟ್ರು ಏನೂ ಅನ್ನಲ್ಲ."

ಅವಳು ಬಗ್ಗಿ ಆ ಗೆರೆಯನ್ನು ನೋಡಿದಳು. ಬೆರಳಿಗೆ ಅದು ಸಿಗಲಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತಿತ್ತು. ಇಂಥದ್ದನ್ನು ಬಿಟ್ಟು ಅವನು ಯಾವ ಗಾಡಿಯನ್ನೂ ಕೊಟ್ಟವನಲ್ಲ. ಮೈದುನ ಲೈಟು ಆರಿಸಲಿಲ್ಲ.

ಮೆತ್ತನೆಯ ಪ್ಯಾಡನ್ನು ಒದ್ದೆ ಮಾಡಿ ಹಿಂಡಿದಳು. ಗುಂಡಿ ಒತ್ತಿ, ತನ್ನ ಕಡೆಯಿಂದ ಗೆರೆಯ ಮೇಲಕ್ಕೆ, ಗೆರೆ ದಾಟಿ ಒಂದು ಗೇಣು ಅವನ ಕಡೆಗೆ, ಅಲ್ಲಿಂದ ಹಿಂದಕ್ಕೆ ನಡೆಸಿದಳು. ಮತ್ತೆ ಹೋಗಿ ಬಂದಳು. ಎಲ್ಲೂ ನಿಲ್ಲಿಸಲಿಲ್ಲ.

ಮೇಷ್ಟ್ರು ಮಧ್ಯಾಹ್ನ ಬಂದರು. ತಮ್ಮ ಕಾರಿನ ಸುತ್ತ ಅಪರಿಚಿತರ ಮನೆಯ ಸುತ್ತ ಓಡಾಡುವವರಂತೆ ಒಂದು ಸುತ್ತು ಬಂದರು. "ಈ ಬಣ್ಣಕ್ಕೇ ಸೋತು ತಗೊಂಡಿದ್ದು ಇದನ್ನ," ಎಂದರು. "ಮರೆತೇ ಬಿಟ್ಟಿದ್ದೆನಲ್ಲ." ಬಾನೆಟ್ಟಿನ ಮುಂದೆ ನಿಂತು ಕನ್ನಡಕ ಒರೆಸಿಕೊಂಡರು. "ಅವನು ಎಲ್ಲೀವರೆಗೆ ಮಾಡಿದ್ದ?"

ಮೈದುನ ನಡುವಿಗೆ ಬೆರಳು ತೋರಿಸಿದ. ಬೆರಳನ್ನು ತುಸು ಎಡಕ್ಕೆ ಸರಿಸಿದ. ಆಮೇಲೆ ಬಲಕ್ಕೆ. "ಇಲ್ಲೇ ಎಲ್ಲೋ... ಅತ್ತಿಗೆ?"

ಅವಳು ಲೈಟು ತೆಗೆದುಕೊಂಡು ಓರೆಯಾಗಿ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಗೊತ್ತಾಗ್ತಾ ಇಲ್ಲ ಮೇಷ್ಟ್ರೇ."

ಮೇಷ್ಟ್ರು ಬಾನೆಟ್ಟಿನ ಮೇಲೆ ಅಂಗೈ ಇಡಲು ಹೋಗಿ, ಗುರುತು ಬಿದ್ದೀತೆಂದು ಹಿಂದಕ್ಕೆ ತೆಗೆದುಕೊಂಡರು. "ಬರ್ತೀನಮ್ಮ," ಎಂದರು. ಕಾರು ಒಂದೆರಡು ಸಲ ಕೆಮ್ಮಿ ಚಾಲೂ ಆಯಿತು. ಬೀದಿಯ ಮರ, ತಂತಿ, ಮನೆಗಳ ಮೇಲ್ಭಾಗ ಎಲ್ಲ ಅದರ ಮೈಮೇಲೆ ಹರಿದು ತಿರುವಿನಲ್ಲಿ ಮಾಯವಾದವು.

ಮೈದುನ ಪಕ್ಕದ ಅಂಗಡಿಯಿಂದ ಟೀ ತಂದುಕೊಟ್ಟ. ಅವಳು ಮಗುಚಿದ ಡ್ರಮ್ಮಿನ ಮೇಲೆ ಕೂತು ಲೋಟ ಹಿಡಿದಳು. ಟೀ ತುಳುಕಿ ಬೆರಳ ಮೇಲೆ ಬಿತ್ತು. ಅಂಗೈಯೊಳಗೆ ಮಷೀನು ಇನ್ನೂ ಸುತ್ತುತ್ತಿತ್ತು. ಕೆಲಸ ಮುಗಿದ ಮೇಲೆ ಅವನು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂರುತ್ತಿದ್ದ, ಸುಡುಬೇಸಿಗೆಯಲ್ಲೂ. ಏನು ಚಳಿಯಾ ಎಂದು ಅವಳು ರೇಗಿಸಿದರೆ ಹೂಂ ಎನ್ನುತ್ತಿದ್ದ.

ಅವಳು ಇನ್ನೊಂದು ಕೈಯನ್ನೂ ಲೋಟಕ್ಕೆ ಕೊಟ್ಟಳು. ಟೀಯ ಮೇಲೆ ಸಣ್ಣ ಸಣ್ಣ ಉಂಗುರಗಳು ಏಳುತ್ತಿದ್ದವು, ನಡುವಿನಿಂದ ಅಂಚಿಗೆ.