ಆಚೆಗೆ ಹೋಗುವ ತೊಂದರೆ

ಚಾಮರಾಜನಗರದ ಹೊರಗಿನ ಆ ಗಾರ್ಮೆಂಟ್ಸಿನಲ್ಲಿ ಹೆಂಗಸರ ಕಕ್ಕಸಿನ ಬಾಗಿಲಿಗೆ ಚಿಲಕವಿರಲಿಲ್ಲ. ಇದ್ದದ್ದು ಕಿತ್ತುಹೋಗಿ ಯಾವ ಕಾಲವಾಯಿತೋ! ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಹಗ್ಗ ಕಟ್ಟಿಕೊಂಡರೆ, ನೋಡೋಕೆ ಚೆನ್ನಾಗಿಲ್ಲ ಎಂದು ಸೆಕ್ಯೂರಿಟಿಯವನು ಬಿಚ್ಚಿ ಬಿಸಾಡಿದ. ಇಬ್ಬರು ಒಟ್ಟಿಗೆ ಮೆಷಿನ್ ಬಿಟ್ಟೆದ್ದರೆ ಸೂಪರ್‌ವೈಸರ್ ಮಲ್ಲೇಶ್ ಸಿಟ್ಟಿನಿಂದ ಕುಣಿದಾಡುತ್ತಿದ್ದ.

ಭವ್ಯಳ ಪಕ್ಕದ ಮೆಷಿನ್ನಿನ ಕುಮಾರಿ ಇದಕ್ಕೆಲ್ಲ ಒಂದೇ ಉಪಾಯ ಕಂಡುಕೊಂಡಳು. ನೀರು ಕುಡಿಯುವುದನ್ನೇ ಬಿಟ್ಟಳು. ಉರಿಮೂತ್ರ ಹತ್ತಿ, ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿ ಬಂದಳು. ಮತ್ತೆ ಹೀಗಾದರೆ ಕಿಡ್ನಿಗೇ ಕುತ್ತು ಎಂದಿದ್ದರು ಡಾಕ್ಟರು.

“ಇನ್ನೊಸಿ ದಿನ ನೋಡ್ತೀನಿ ಭವ್ಯಕ್ಕ. ಆಗ್ನಿಲ್ಲ ಅಂದ್ರ ಕೆಲ್ಸ ಬುಟ್ಬುಡ್ತೀನಿ.”

ತೆರಕಣಾಂಬಿಯಿಂದ ದಿನಾ ಒಂದೇ ಬಸ್ಸಿನಲ್ಲಿ ಬರುವ ಗೆಳತಿ. ಒಂದು ಚಿಲಕಕ್ಕಾಗಿ ಅವಳು ಅನ್ನದ ದಾರಿ ಬಿಡಬೇಕೇ? ಭವ್ಯಳಿಗೆ ಮೈಯೆಲ್ಲ ಉರಿಯಿತು. ನೇರ ಮಲ್ಲೇಶನ ಹತ್ತಿರ ಹೋದಳು.

“ನನ್ನತ್ರ ಯಾಕಮ್ಮಿ? ಫೀಡ್‌ಬ್ಯಾಕ್ ಡಬ್ಬ ಮಡಗವ್ರಲ್ಲ, ಚೀಟಿ ಬರ್ದು ಅದ್ಕ ಆಕು. ಬೆಂಗ್ಳೂರಲ್ಲೇ ಬೀಗ ತಗ್ದು ಓದ್ತಾರಂತ” ಎಂದು ಕೈತೊಳೆದುಕೊಂಡ ಆ ಪುಣ್ಯಾತ್ಮ.

ಸರಿ, ಬರೆಯೋಣವೆಂದರೆ ಏನಂತ ಬರೆಯುವುದು? ಎಲ್ಲರಿಗಿಂತ ಹಿರಿಯಳಾದ ರಾಚಮ್ಮ ಗದರಿದಳು.

“ಕಕ್ಕಸು ಗಿಕ್ಕಸು ಅಂತ ಬರ್ದುಬುಟ್ಟಿಯಾ! ದೊಡ್ಡೋರು ಓದ ಕಾಗ್ದ ಕಣಮ್ಮಿ. ಮಾನ ಮರ್ವಾದಿ ಬ್ಯಾಡ್ವಾ? ಆಚ್ಗ ಓಗೋಕ ತೊಂದ್ರ ಅಂತ ಬರಿ. ಯಾರ್ಗಾದ್ರೂ ಗೊತ್ತಾಯ್ತದ.”

ಭವ್ಯಳಿಗೂ ಅದೇ ಸರಿಯೆನಿಸಿತು. ಎಲ್ಲರ ಚೀಟಿಯನ್ನೂ ಅವಳೇ ಬರೆದಳು: ‘ಹೆಂಗಸರಿಗೆ ಆಚೆಗೆ ಹೋಗಲು ಬಹಳ ತೊಂದರೆಯಾಗಿದೆ. ದಯವಿಟ್ಟು ವ್ಯವಸ್ಥೆ ಮಾಡಿಕೊಡಿ.’

ಮಾಡಿಕೊಟ್ಟರಲ್ಲ ವ್ಯವಸ್ಥೆ! ಬೆಂಗಳೂರಿನಿಂದ ಎಚ್‌ಆರ್ ಪ್ರಿಯಾಂಕ ಮೇಡಂ ಬಂದು ಮೈಕ್ ಹಿಡಿದರು. “ನಿಮ್ಮ ಮನಸ್ಸಿನ ಮಾತು ನಮಗೆ ತಲುಪಿದೆ. ಆಚೆ ಹೋಗೋಕೇ ಆಗ್ತಿಲ್ಲ ಅಂತ ಎಲ್ಲರೂ ಬರೆದಿದ್ದೀರಿ. ಈ ಭಾನುವಾರ ನಾವೆಲ್ಲ ಔಟಿಂಗ್ ಹೋಗ್ತಿದೀವಿ!”

ಇದ್ದೊಂದು ರಜೆಯೂ ಹೋಯಿತು. ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ ಕುರ್ಚಿ ಆಟ ಆಡಿಸಿದರು, ಹಗ್ಗ ಜಗ್ಗಿಸಿದರು. ಭವ್ಯ ಹಲ್ಲು ಕಚ್ಚಿಕೊಂಡು ಮತ್ತೆ ಚೀಟಿ ಬರೆದಳು: ‘ಆಚೆಗೆ ಹೋಗುವ ತೊಂದರೆ ಹಾಗೆಯೇ ಇದೆ.’ ಅಡಿಗೆರೆ ಬೇರೆ ಎಳೆದಳು. ಒಂದು ಸಲಕ್ಕೆ ಇವರಿಗೆ ಸಾಲಲಿಲ್ಲವೆಂದು ಬೆಂಗಳೂರಿನವರು ಹಿಗ್ಗಿಹೋದರು. ಈ ಸಲ ಔಟಿಂಗ್ ಜೊತೆಗೆ ಸಮಾಜಸೇವೆಯೂ ಇರಲಿ, ಹಂಗಳದ ಶಾಲೆಗೆ ಬಣ್ಣ ಬಳಿಯೋಣ ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನಾದರೂ ಇರುತ್ತದೆ. ಇವರು ಕುಣಿಯೋಕೆ ಕರೆಯುತ್ತಾರಲ್ಲ!

ಮತ್ತೊಂದು ಭಾನುವಾರ ಹಾಳಾಯಿತು. ಒಗೆಯುವ ಬಟ್ಟೆ ಮನೆಯಲ್ಲಿ ಗುಡ್ಡೆ ಬಿದ್ದಿತ್ತು, ಇಲ್ಲಿ ಹೆಂಗಸರು ಕಂಪನಿಯ ಟೀ ಶರ್ಟನ್ನು ಸೀರೆಯ ಮೇಲೆ ತೊಟ್ಟು ಗೋಡೆಗೆ ಬಣ್ಣ ಬಳಿದರು. ಕಂಪನಿ ಕರೆತಂದಿದ್ದ ಫಿಟ್ಟರ್ ರಂಗರಾಜು ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೊಸ ಬಾಗಿಲು ಕೂರಿಸಿದ. ಬಾಗಿಲಿಗೆ ಫಳಫಳ ಹೊಳೆಯುವ ಚಿಲಕ. ಮೇಡಂ ಅದರ ಫೋಟೊ ತೆಗೆಸಿದರು.

ಸಂಜೆ ಹೊರಡುವ ಹೊತ್ತಿಗೆ ಕುಮಾರಿ ಕಾಣಲಿಲ್ಲ. ಬಸ್ಸಿನವನು ಹಾರನ್ ಬಾರಿಸಿದ್ದೇ ಬಾರಿಸಿದ್ದು. ಭವ್ಯ ಓಡಿಹೋಗಿ ಆ ಹೊಸ ಬಾಗಿಲು ತಟ್ಟಿದಳು.

“ಇರಕ್ಕ” ಎಂದಳು ಕುಮಾರಿ ಒಳಗಿನಿಂದ. ಅಳುತ್ತಿದ್ದಳು. “ನೆಮ್ದಿಯಾಗಿ ಕೂತು ಎಸ್ಟು ಕಾಲ ಆಗಿತ್ತು. ನಾಳಯಿಂದ ನಾನು ಕೆಲ್ಸಕ್ಕ ಬರಕಿಲ್ಲ ಕಣಕ್ಕ.”

ಅದೇ ಹೊತ್ತಿಗೆ ಮೇಡಂ ಮೊಬೈಲ್ ಎತ್ತಿ ಹಿಡಿದುಕೊಂಡು ನಗುನಗುತ್ತ ಬರಬೇಕೇ! “ಭವ್ಯ, ನಿಮ್ಮ ಫೀಡ್‌ಬ್ಯಾಕ್ ಹೇಳಿ. ಇನ್ನೂ ಆಚೆ ಹೋಗಬೇಕು ಅನ್ನಿಸ್ತಿದೆಯಾ?”

“ಕಕ್ಕಸು ಮೇಡಂ, ಕಕ್ಕಸು!” ಭವ್ಯ ಕಿರುಚಿಯೇಬಿಟ್ಟಳು. ರಾಚಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. “ಆಚ್ಗ ಓಗದು ಅಂದ್ರ ಅದು! ಬೆಟ್ಟ ಅಲ್ಲ! ಮಕ್ಳ ಸ್ಕೂಲ್ಗ ಚಿಲ್ಕ ಆಕುಸ್ದ್ರಿ, ಒಳ್ಳೇದು. ನಿಮ್ ಫ್ಯಾಕ್ಟ್ರಿಲಿ ಒಬ್ರು ಒಳಕ್ಕೋದ್ರ ಒಬ್ರು ಬಾಗ್ಲು ಇಡ್ಕಂಡು ನಿಂತ್ಕತೀವಿ. ಅದ್ಕ ಎದುರ್ಕಂಡು ನೀರು ಕುಡೀದೆ ಈ ಹುಡ್ಗಿ ಸಾಯ್ತಾ ಅವ್ಳ. ಯಾನ ಮೇಡಂ ನಿಮ್ ಔಟಿಂಗು!”

ಮೇಡಂ ಮುಖ ಕೆಂಪಾಯಿತು. ಮೊಬೈಲ್ ಕೆಳಗಿಳಿಯಿತು. “ಎಲ್ಲ ಚೀಟಿಯಲ್ಲೂ ಅದನ್ನೇ ಬರೆದಿದ್ರಾ?” ಎಂದರು. ಅವರು ರಂಗರಾಜುವಿನ ಕಡೆ ತಿರುಗಿ, “ಇನ್ನೊಂದು ಚಿಲಕ ಇದೆಯಾ?” ಎಂದು ಕೇಳಿದರು.

ಇತ್ತು. ಬಸ್ಸು ಗುಂಡ್ಲುಪೇಟೆ ದಾಟಿತು, ತೆರಕಣಾಂಬಿಯಲ್ಲಿ ನಿಂತಿತು. ಅಲ್ಲಿ ಇಳಿಯಬೇಕಾದವರು ಒಬ್ಬರೂ ಇಳಿಯಲಿಲ್ಲ. ಎಲ್ಲರೂ ಸೀದಾ ಫ್ಯಾಕ್ಟರಿಗೇ ಹೋದರು. ಗೇಟು ತೆಗೆಸಿ, ರಂಗರಾಜು ತೂತು ಕೊರೆದು ಚಿಲಕ ಬಿಗಿಯುವುದನ್ನು ಸುತ್ತ ನಿಂತು ನೋಡಿದರು.

ಬಸ್ಸಿನಲ್ಲಿ ಒಂದು ಬಾಟಲಿ ನೀರು ಪೂರ್ತಿ ಕುಡಿದಿದ್ದ ಕುಮಾರಿಯೇ ಮೊದಲು ಒಳಗೆ ಹೋದಳು. ಬಾಗಿಲು ಮುಚ್ಚಿತು, ಚಿಲಕ ಬಿದ್ದ ಸದ್ದಾಯಿತು. ಆದರೂ ರಾಚಮ್ಮ ಹೋಗಿ, ದಿನಾ ನಿಲ್ಲುವ ಜಾಗದಲ್ಲಿ ನಿಂತು, ಎರಡು ಕೈಯಲ್ಲೂ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ರಾಚಕ್ಕ,” ಒಳಗಿನಿಂದ ಕುಮಾರಿ ಅಂದಳು, “ಕೈ ಬುಡು. ಚಿಲ್ಕ ಆಕ್ಕಂಡಿವ್ನಿ.”